ದಿಗ್ವಿಜಯಿಯನ್ನು ಅಳೆಯುವ ಸೇರು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ನೀನೂ ನಿನ್ನ ಅತ್ತೆಯ ಮಗನೂ ಅಲೆಕ್ಸಾಂಡರ್ ದೊಡ್ಡವನೋ ರೋಮಿನ ಮೇಲೆ ದಂಡೆತ್ತಿಹೋದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ದೊಡ್ಡವನೋ ಎಂದು ಎಲೆಯ ಮೇಲಿನ ಹೋಳಿಗೆ ಆರುವವರೆಗೆ ವಾದಿಸಿದ್ದನ್ನು ಎದುರು ಸಾಲಿನಲ್ಲಿ ಕುಳಿತು ಕೇಳಿದೆ. ಮುಂದಿನ ತಿಂಗಳ ಕಾಲೇಜು ಚರ್ಚಾಸ್ಪರ್ಧೆಗೂ ನಿನಗೆ ಇದೇ ವಿಷಯವೆಂದು ನಿನ್ನ ತಾಯಿ ಹೇಳಿದಳು. ಸೇನೆಯ ಸರಬರಾಜು ದಳದಲ್ಲಿ ಅಕ್ಕಿ, ಬೇಳೆ, ಹೇಸರಗತ್ತೆಯ ಮೇವು ಇವುಗಳ ಲೆಕ್ಕ ಬರೆಯುತ್ತ ಆಯುಷ್ಯ ಸವೆಸಿದವನು ನಾನು. ಆದ್ದರಿಂದ ನನಗೆ ತೋಚುವುದನ್ನು ಉಗ್ರಾಣದ ಬಾಗಿಲಲ್ಲಿ ನಿಂತವನ ಕಣ್ಣಿನಿಂದಲೇ ಬರೆಯುತ್ತೇನೆ.

ನೀವಿಬ್ಬರೂ ಆಡಿದ ಜಗಳ ಬಹಳ ಹಳೆಯದು. ಎಫೆಸಸ್ ನಗರದಲ್ಲಿ ಹ್ಯಾನಿಬಲನೂ ಅವನನ್ನು ಜಾಮಾ ಯುದ್ಧದಲ್ಲಿ ಸೋಲಿಸಿದ್ದ ರೋಮನ್ ಸೇನಾಪತಿ ಸಿಪಿಯೋನೂ ಭೇಟಿಯಾದರಂತೆ. ಎಲ್ಲರಿಗಿಂತ ದೊಡ್ಡ ಸೇನಾಪತಿ ಯಾರೆಂದು ಸಿಪಿಯೋ ಕೇಳಿದಾಗ ಹ್ಯಾನಿಬಲ್ ಮೊದಲು ಅಲೆಕ್ಸಾಂಡರನನ್ನೂ ಆಮೇಲೆ ಎಪಿರಸ್ ನಾಡಿನ ಅರಸ ಪಿರಸ್‌ನನ್ನೂ ಮೂರನೆಯವನಾಗಿ ತನ್ನನ್ನೂ ಹೆಸರಿಸಿ, ನಿನ್ನನ್ನು ಗೆದ್ದಿದ್ದರೆ ನನ್ನನ್ನೇ ಮೊದಲಿಗೆ ಇಡುತ್ತಿದ್ದೆ ಎಂದನಂತೆ. ಈ ಭೇಟಿ ನಡೆದದ್ದೇ ಸಂಶಯವೆನ್ನುವ ವಿದ್ವಾಂಸರಿದ್ದಾರೆ. ಆದರೆ ಕಥೆ ಸೊಗಸಾಗಿದೆ, ಇಂಥ ಪಟ್ಟಿ ಮಾಡುವ ಚಪಲ ಎಷ್ಟು ಹಳೆಯದೆಂಬುದನ್ನೂ ತೋರಿಸುತ್ತದೆ. ನನ್ನ ಮಾತು ಇಷ್ಟೇ: ಯುದ್ಧಭೂಮಿಯಲ್ಲಿ ಒಬ್ಬ ಸೇನಾಪತಿ ಏನು ಮಾಡಿದನೆಂಬುದನ್ನು ಅಳೆಯುವ ಸೇರು ಬೇರೆ, ತನ್ನನ್ನು ನಂಬಿ ಬಂದವರನ್ನು ಎಲ್ಲಿಗೆ ಕರೆದೊಯ್ದು ಏನು ಬಿಟ್ಟುಹೋದನೆಂಬುದನ್ನು ಅಳೆಯುವ ಸೇರು ಬೇರೆ. ಒಂದರಲ್ಲಿ ತುಂಬಿದ್ದನ್ನು ಇನ್ನೊಂದರಲ್ಲಿ ಸುರಿದು ಲೆಕ್ಕ ಸರಿಯಾಯಿತೆನ್ನಬೇಡ.

ವಾದಕ್ಕೆ ಎದ್ದು ನಿಂತಾಗ ಮೊದಲು ಅಲೆಕ್ಸಾಂಡರನ ತಂದೆ ಫಿಲಿಪ್‌ನ ಹೆಸರು ಹೇಳು. ಕ್ರಿ.ಪೂ. 359ರಲ್ಲಿ ಮ್ಯಾಸಿಡೋನಿಯದ ಅಧಿಕಾರ ಹಿಡಿದ ಆ ಮನುಷ್ಯ, ಐದಾರು ಮೀಟರ್ ಉದ್ದದ ಸರಿಸ್ಸಾ ಈಟಿಯನ್ನು ಕಾಲಾಳುಗಳ ಕೈಗೆ ಕೊಟ್ಟದ್ದಕ್ಕಿಂತಲೂ ನನಗೆ ಹೆಚ್ಚು ಹಿಡಿಸುವುದು ಅವನು ಸೇನೆಯಿಂದ ಗಾಡಿಗಳನ್ನು ಓಡಿಸಿದ್ದು. ಹತ್ತು ಕಾಲಾಳುಗಳಿಗೆ ಒಬ್ಬನೇ ಆಳು, ಅವನ ಹೆಗಲ ಮೇಲೆ ಬೀಸುವ ಕಲ್ಲು ಮತ್ತು ಹಗ್ಗ. ದಂಡು ಹೊರಟಾಗ ಮೂವತ್ತು ದಿನದ ಹಿಟ್ಟನ್ನು ಪ್ರತಿಯೊಬ್ಬನೂ ತಾನೇ ಹೊರಬೇಕು. ರೋಮನ್ ಲೇಖಕ ಫ್ರಾಂಟಿನಸ್ ದಾಖಲಿಸಿದ ಈ ಕಟ್ಟಳೆಯನ್ನು ಓದಿದ ದಿನ ನನಗೆ ಫಿಲಿಪ್‌ನ ಮೇಲೆ ಉಂಟಾದ ಗೌರವ ಇಂದಿಗೂ ಇಳಿದಿಲ್ಲ. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ದಾಟುವಾಗ ಇಪ್ಪತ್ತೆರಡು ವರ್ಷದ ಹುಡುಗನ ಕೈಗೆ ಸಿಕ್ಕಿದ್ದು ಹೀಗೆ ಹದಗೊಂಡ ಸೇನೆ. ಹೊಲವನ್ನು ಉತ್ತವನು ಒಬ್ಬ, ಕೊಯ್ದವನು ಇನ್ನೊಬ್ಬ. ಆದರೂ ಕೊಯ್ಯುವುದರಲ್ಲಿ ಮಗನಿಗೆ ಸಾಟಿಯಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಅದಕ್ಕೆ ಸಾಕ್ಷಿ ಬೇಕಾದರೆ ಪರ್ಷಿಯದ ಅರಸ ದಾರಿಯಸ್‌ನನ್ನು ಅವನು ಸೋಲಿಸಿದ ಗೌಗಮೇಲಾದ ಬದಲು ಝೀಲಂ ನದಿಯ ಯುದ್ಧವನ್ನು ಆರಿಸಿಕೋ. ಕ್ರಿ.ಪೂ. 326ರಲ್ಲಿ ನದಿ ತುಂಬಿ ಹರಿಯುತ್ತಿತ್ತು, ಆಚೆ ದಡದಲ್ಲಿ ಪೋರಸ್‌ನ ಆನೆಗಳು ನಿಂತಿದ್ದವು. ಅಲೆಕ್ಸಾಂಡರ್ ಸುತ್ತಲ ಸೀಮೆಯಿಂದ ಧಾನ್ಯ ತರಿಸಿ ಪಾಳೆಯದಲ್ಲಿ ರಾಶಿ ಹಾಕಿಸಿದ. ನೀರಿಳಿಯುವವರೆಗೆ ಇವನು ಇಲ್ಲೇ ಕಾಯುತ್ತಾನೆಂದು ಎದುರಾಳಿ ನಂಬಲಿ ಎಂಬುದು ಅವನ ಎಣಿಕೆ. ರಾತ್ರಿ ರಾತ್ರಿ ಕುದುರೆಪಡೆಯನ್ನು ದಡದುದ್ದಕ್ಕೂ ಗದ್ದಲ ಮಾಡಿಸುತ್ತ ಓಡಿಸಿದ. ಮೊದಮೊದಲು ಆಚೆ ದಡದಲ್ಲಿ ಬೆನ್ನಟ್ಟುತ್ತಿದ್ದ ಪೋರಸ್ ಕೊನೆಗೆ ಬೇಸತ್ತು ಸುಮ್ಮನಾದ. ಆಗ ತನ್ನ ದಳಪತಿ ಕ್ರೇಟರಸ್‌ನನ್ನು ಪಾಳೆಯದಲ್ಲೇ ಬಿಟ್ಟು, ಗುಡುಗು ಮಳೆಯ ಒಂದು ರಾತ್ರಿ ಮೇಲ್ಭಾಗದಲ್ಲಿ ಕಾಡು ಬೆಳೆದ ನಡುಗಡ್ಡೆಯ ಮರೆಯಲ್ಲಿ ನದಿ ದಾಟಿದ. ಧಾನ್ಯದ ರಾಶಿಯನ್ನೇ ಮೋಸದ ಆಯುಧವಾಗಿ ಬಳಸಿದ ಸೇನಾಪತಿಗೆ ನನ್ನಂಥವನು ತಲೆಬಾಗದೆ ಇರಲಾರ. ಅಂದು ಗೆದ್ದವನು ಪೋರಸನೇ ಎಂದು ನಿನ್ನ ಗೆಳೆಯರು ಹೇಳುತ್ತಿದ್ದರಲ್ಲ, ಅದಕ್ಕೆ ಆಧಾರವಿಲ್ಲ, ಅಭಿಮಾನ ಮಾತ್ರ ಇದೆ. ಪೋರಸ್ ಸೋತ, ಸೋತರೂ ರಾಜ್ಯ ಉಳಿಸಿಕೊಂಡ, ಅಷ್ಟೇ ಅಲ್ಲ, ಇನ್ನಷ್ಟು ನೆಲವನ್ನೂ ಪಡೆದ. ಅವನ ಹಿರಿಮೆಗೆ ಅಷ್ಟು ಸಾಲದೇ?

ಆ ಗೆಲುವಿನ ಕೆಲವು ತಿಂಗಳ ನಂತರ ಬಿಯಾಸ್ ನದಿಯ ದಡದಲ್ಲಿ ಸೈನಿಕರು ಮುಂದೆ ಹೆಜ್ಜೆಯಿಡಲು ಒಪ್ಪಲಿಲ್ಲ. ಮಳೆ ನಿಂತಿರಲಿಲ್ಲ, ಆಯುಧಗಳು ಸವೆದಿದ್ದವು. ಕೊಯ್ನಸ್ ಎಂಬ ದಳಪತಿ ಎಲ್ಲರ ಪರವಾಗಿ ಎದ್ದು ಮಾತನಾಡಿದ. ಅರಸ ಮೂರು ದಿನ ಡೇರೆಯಿಂದ ಹೊರಬರಲಿಲ್ಲ, ಕೊನೆಗೆ ಶಕುನ ಸರಿಯಿಲ್ಲವೆಂಬ ನೆಪದಲ್ಲಿ ಹಿಂದಿರುಗಿದ. ಇಲ್ಲಿ ನಿನ್ನ ಅತ್ತೆಯ ಮಗನಿಗೆ ಒಂದು ಅಂಕ ಕೊಡಲೇಬೇಕು: ಲಿಬಿಯನ್ನರು, ಐಬೀರಿಯನ್ನರು, ಗಾಲ್ ಜನ ಎಂದು ಹತ್ತು ಭಾಷೆಯ ಬಾಡಿಗೆ ಬಂಟರನ್ನು ಕಟ್ಟಿಕೊಂಡು ಶತ್ರುವಿನ ನೆಲದಲ್ಲೇ ಸುಮಾರು ಹದಿನೈದು ವರ್ಷ ಉಳಿದ ಹ್ಯಾನಿಬಲನ ಸೇನೆ ಅವನ ವಿರುದ್ಧ ಎದ್ದದ್ದಿಲ್ಲವೆಂದು ಪ್ರಾಚೀನ ಇತಿಹಾಸಕಾರ ಪಾಲಿಬಿಯಸ್ ಮೆಚ್ಚಿ ಬರೆದಿದ್ದಾನೆ.

ಇನ್ನು ಗೆಡ್ರೋಸಿಯಾ. ಇಂದಿನ ಬಲೂಚಿಸ್ತಾನದ ಮಕರಾನ್ ಸೀಮೆ ಅದು. ಕ್ರಿ.ಪೂ. 325ರಲ್ಲಿ ಹಿಂದಿರುಗುವಾಗ ಅಲೆಕ್ಸಾಂಡರ್ ಸೇನೆಯ ಒಂದು ಭಾಗವನ್ನು ಈ ಮರುಭೂಮಿಯ ಮೂಲಕ ನಡೆಸಿದ. ಕರಾವಳಿಯಲ್ಲಿ ಸಾಗುತ್ತಿದ್ದ ನಿಯಾರ್ಕಸ್‌ನ ನೌಕಾಪಡೆಗೆ ಆಹಾರ ಮತ್ತು ನೀರು ಒದಗಿಸುವ ಉದ್ದೇಶ ಇತ್ತು. ಪರ್ಷಿಯದ ಅರಸ ಸೈರಸ್‌ನೂ ಅಸ್ಸೀರಿಯದ ರಾಣಿ ಸೆಮಿರಾಮಿಸ್‌ಳೂ ಸೋತ ದಾರಿಯಲ್ಲಿ ತಾನು ಗೆಲ್ಲಬೇಕೆಂಬ ಹಟವೂ ಇತ್ತೆಂದು ಇತಿಹಾಸಕಾರ ಅರಿಯನ್ ಹೇಳುತ್ತಾನೆ. ದಾರಿಯಲ್ಲಿ ಸಿಕ್ಕ ಧಾನ್ಯಕ್ಕೆ ತನ್ನ ಮುದ್ರೆಯೊತ್ತಿ ಕರಾವಳಿಗೆ ಕಳುಹಿಸಿದರೆ, ಕಾವಲಿನವರೇ ಅರಸನ ಮುದ್ರೆಯನ್ನು ಒಡೆದು ಹಸಿದವರಿಗೆ ಹಂಚಿದರು. ಸೈನಿಕರು ಹೇಸರಗತ್ತೆ, ಕುದುರೆಗಳನ್ನು ಕೊಂದು ತಿಂದು, ಬಾಯಾರಿಕೆಯಿಂದ ಸತ್ತವೆಂದು ವರದಿ ಕೊಟ್ಟರು. ಅರಸನಿಗೆ ನಿಜ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ಹಳ್ಳದ ಪಕ್ಕ ತಂಗಿದ್ದ ಒಂದು ರಾತ್ರಿ ದಿಢೀರ್ ಪ್ರವಾಹ ಬಂದು ಸೇನೆಯ ಹಿಂದೆ ಬಂದಿದ್ದ ಹೆಂಗಸರು ಮಕ್ಕಳಲ್ಲಿ ಬಹುಪಾಲು ಜನರನ್ನು ಎಳೆದೊಯ್ದಿತು. ಅರವತ್ತು ದಿನದ ಆ ನಡಿಗೆಯಷ್ಟು ನಷ್ಟ ಅವನಿಗೆ ಯಾವ ಯುದ್ಧದಲ್ಲೂ ಆಗಿರಲಿಲ್ಲ.

ಶಿರಸ್ತ್ರಾಣದಲ್ಲಿ ಹಿಡಿದು ತಂದ ಒಂದಿಷ್ಟು ನೀರನ್ನು ಎಲ್ಲರೆದುರು ನೆಲಕ್ಕೆ ಚೆಲ್ಲಿ, ನೀವು ಕುಡಿಯದ ಮೇಲೆ ನನಗೂ ಬೇಡವೆಂದು ತೋರಿಸಿದ್ದೂ ಇದೇ ದಾರಿಯಲ್ಲಿ ಎನ್ನುತ್ತಾನೆ ಅರಿಯನ್. ಭಾಷಣಕಾರರು ಈ ಪ್ರಸಂಗವನ್ನು ಬಿಡುವುದಿಲ್ಲ, ನೀನೂ ಬಿಡಲಾರೆ. ಹೇಳು, ಆದರೆ ಅವರನ್ನು ಅಲ್ಲಿಗೆ ಕರೆತಂದವನು ಯಾರೆಂಬುದನ್ನು ಅದೇ ಉಸಿರಿನಲ್ಲಿ ಹೇಳು. ಆಮೇಲೆ, ಆಜ್ಞೆ ಪಾಲಿಸಲಿಲ್ಲವೆಂದು ಒಬ್ಬ ಪ್ರಾಂತ್ಯಾಧಿಕಾರಿಯನ್ನು ಪದಚ್ಯುತಗೊಳಿಸಲಾಯಿತಂತೆ. ತಪ್ಪು ಕೊನೆಗೆ ಉಗ್ರಾಣದವನ ತಲೆಗೇ ಬರುತ್ತದೆಂಬುದನ್ನು ನಾನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಬಿಟ್ಟುಹೋದದ್ದರ ಲೆಕ್ಕಕ್ಕೆ ಬಾ. ರಾಜ್ಯವಂತೂ ಉಳಿಯಲಿಲ್ಲ, ಅವನು ಸತ್ತ ಮೇಲೆ ಹುಟ್ಟಿದ ಮಗನನ್ನೂ ಹೆಂಡತಿ ರೊಕ್ಸಾನಾಳನ್ನೂ ಮ್ಯಾಸಿಡೋನಿಯದ ಅಧಿಕಾರ ಹಿಡಿದ ಕಸಾಂಡರ್ ಕೊಲ್ಲಿಸಿದ, ದಳಪತಿಗಳು ಹಲವು ದಶಕ ಕಾದಾಡಿ ನಾಡನ್ನು ಹಂಚಿಕೊಂಡರು. ಅವರಲ್ಲೊಬ್ಬನಾದ ಸೆಲ್ಯೂಕಸ್ ಸಿಂಧೂ ನದಿಯ ಆಸುಪಾಸಿನ ಸೀಮೆಗಳನ್ನು ಚಂದ್ರಗುಪ್ತ ಮೌರ್ಯನಿಗೆ ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದ. ಉಳಿದದ್ದು ಊರುಗಳು ಮತ್ತು ಭಾಷೆ: ಈಜಿಪ್ಟಿನ ಅಲೆಕ್ಸಾಂಡ್ರಿಯಾ ಇಂದಿಗೂ ಇದೆ, ಚಂದ್ರಗುಪ್ತನ ಮೊಮ್ಮಗ ಅಶೋಕ ಕಂದಹಾರದಲ್ಲಿ ಗ್ರೀಕಿನಲ್ಲಿ ಶಾಸನ ಬರೆಸಬೇಕಾಯಿತು. ಆದರೆ ಅದೇ ಅಲೆಕ್ಸಾಂಡರ್ ಇರಾನಿನ ಜರತುಷ್ಟ್ರ ಮತದ ಗ್ರಂಥಗಳಲ್ಲಿ ಶಾಪಗ್ರಸ್ತ. ಪರ್ಷಿಯದ ರಾಜಧಾನಿ ಪರ್ಸೆಪೋಲಿಸ್ ಸುಟ್ಟ ನೆನಪು ಅಲ್ಲಿ ಆರಿಲ್ಲ. ಅವನು ಗೆದ್ದ ಗ್ರೀಸಿನ ಥೀಬ್ಸ್‌ನಲ್ಲಿ 30,000 ಜನ, ಫಿನೀಷಿಯದ ಟೈರ್‌ನಲ್ಲಿ ಮತ್ತೆ 30,000 ಜನ ಗುಲಾಮರಾಗಿ ಮಾರಾಟವಾದರೆಂದು ಬರೆದಿಟ್ಟವರು ಇತಿಹಾಸಕಾರರು. ಅಶೋಕನಾದರೋ ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಹೋದರು ಎಂದು ತಾನೇ 13ನೆಯ ಬಂಡೆಶಾಸನದಲ್ಲಿ ಕೆತ್ತಿಸಿದ. ಆ ಶಾಸನ ಕಳಿಂಗದ ಧೌಲಿಯಲ್ಲಾಗಲಿ ಜೌಗಡದಲ್ಲಾಗಲಿ ಇಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ನಡತೆ ಹೇಳುವ ಪ್ರತ್ಯೇಕ ಶಾಸನಗಳಿವೆ, ಅವೇ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿವೆ. ನೊಂದವರ ಊರಿನಲ್ಲಿ ಪಶ್ಚಾತ್ತಾಪದ ಮಾತು ಏಕಿಲ್ಲವೆಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಕೊನೆಯದಾಗಿ, ಸಾಕ್ಷಿಗಳನ್ನು ತೂಗಿ ನೋಡುವುದನ್ನು ಮರೆಯಬೇಡ. ನಾವು ಓದುವ ಡಿಯೋಡೋರಸ್, ಪ್ಲುಟಾರ್ಕ್, ಅರಿಯನ್ ಎಲ್ಲರೂ ಅಲೆಕ್ಸಾಂಡರ್ ಸತ್ತು ಸುಮಾರು ಮುನ್ನೂರರಿಂದ ನಾನ್ನೂರೈವತ್ತು ವರ್ಷಗಳ ಮೇಲೆ ಬರೆದವರು, ಹಳೆಯ ಬರಹಗಳನ್ನು ಮುಂದಿಟ್ಟುಕೊಂಡು. ಗೌಗಮೇಲಾದಲ್ಲಿ ದಾರಿಯಸ್‌ನೇ ಹೆದರಿ ಮೊದಲು ಓಡಿದನೆಂದು ಅರಿಯನ್ ಹೇಳಿದರೆ, ಬ್ಯಾಬಿಲೋನಿನ ಜ್ಯೋತಿಷಿಗಳು ಜೇಡಿಮಣ್ಣಿನ ಹಲಗೆಯ ಮೇಲೆ ಆ ಕಾಲದಲ್ಲೇ ಬರೆದ ದಿನಚರಿಯಲ್ಲಿ ಸೈನಿಕರು ಅರಸನನ್ನು ತೊರೆದು ಹೋದರೆಂದಿದೆ. ಇದನ್ನು ನಿನ್ನ ಪ್ರತಿವಾದಿ ಎತ್ತುವ ಮೊದಲು ನೀನೇ ಎತ್ತು. ಅಲೆಕ್ಸಾಂಡರ್ ತೀರಿಕೊಂಡ ಕ್ರಿ.ಪೂ. 323ರ ಜೂನ್ ತಿಂಗಳ ಹಲಗೆಯೂ ಉಳಿದಿದೆ. ಅದನ್ನು ಬರೆದವನು ಪ್ರತಿ ರಾತ್ರಿ ಗ್ರಹ ನಕ್ಷತ್ರ ನೋಡಿ ಗುರುತು ಹಾಕುತ್ತಿದ್ದ ಒಬ್ಬ ಲಿಪಿಕಾರ. ಅಂದಿನ ಸಾಲಿನಲ್ಲಿ ಅರಸ ಸತ್ತನೆಂದೂ ಆಕಾಶದಲ್ಲಿ ಮೋಡವಿತ್ತೆಂದೂ ಬರೆದಿದ್ದಾನೆ.

ಸ್ಪರ್ಧೆಯ ದಿನಾಂಕ ತಿಳಿಸು, ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ