ರೇಸ್ ಓಡಿಸಲಿ, ಮಂಜೊಟ್ಟಿ ಇರುವ ಕಡೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಶನಿವಾರ ಬೆಳಗಿನ ಜಾವ ಮಗನನ್ನು ಮುಲ್ಕಿ ಸ್ಟೇಷನ್ನಿಗೆ ಬಿಟ್ಟು ಪಡುಬಿದ್ರಿಗೆ ಬರುತ್ತಿದ್ದೆ. ಹೆಜಮಾಡಿ ದಾಟಿದ ಮೇಲೆ ಹೆದ್ದಾರಿಯಲ್ಲಿ ಎರಡು ಹಳೆ ಕಾರು ಅಕ್ಕಪಕ್ಕ ನಿಂತಿದ್ದವು. ಒಬ್ಬ ಹುಡುಗ ಮೊಬೈಲ್ ಟಾರ್ಚ್ ಬೀಸಿದ. ಎರಡೂ ಕಿರುಚಿಕೊಂಡು ಹೊರಟವು. ಮುಂದೆ ಡಿವೈಡರ್ ತೆರೆದಿರುವ ಜಾಗದಲ್ಲಿ ಸ್ಕೂಟರಿನವರೊಬ್ಬರು ತಿರುಗುತ್ತಿದ್ದರು. ಹೇಗೋ ಮಣ್ಣಿಗೆ ಇಳಿಸಿ ಬಚಾವಾದರು. ಹಿಂದೆ ಕಟ್ಟಿದ್ದ ಮೀನಿನ ಪೆಟ್ಟಿಗೆ ಮಗುಚಿ ಬಿತ್ತು. ಖಾಲಿ ಇತ್ತು, ಮಲ್ಪೆಗೆ ಹೊರಟವರಂತೆ. ಕಾರಿನವರು ತಿರುಗಿಯೂ ನೋಡಲಿಲ್ಲ.

ನಾನು ರೇಸ್ ಅಂದರೆ ಮೂಗು ಮುರಿಯುವವಳಲ್ಲ. ನಾನೂ ಓಡಿಸಿದ್ದೇನೆ, ಅದೂ ಅಪ್ಪ ಬಿಟ್ಟುಹೋದ 2001ರ ಮಾರುತಿ ಎಸ್ಟೀಮ್ ಕಾರಿನಲ್ಲಿ. 1298 ಸಿಸಿ, ಹೊಸದಿದ್ದಾಗ 85 ಹಾರ್ಸ್‌ಪವರ್. ಈಗ ಎಷ್ಟು ಉಳಿದಿದೆಯೋ ದೇವರೇ ಬಲ್ಲ. ಗುಜರಿಗೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಸುಮ್ನೆ ಇದ್ದೇನೆ.

ಕೆಲವು ವರ್ಷಗಳ ಹಿಂದೆ ಅದನ್ನೇ ಶಿರಾಡಿ ಹತ್ತಿಸಿ, ಬೆಂಗಳೂರು ದಾಟಿ, ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ ಡ್ರ್ಯಾಗ್ ರೇಸ್‌ಗೆ, ಅಂದರೆ ನೇರ ರಸ್ತೆಯಲ್ಲಿ ಎರಡೆರಡು ಕಾರಿನ ಓಟಕ್ಕೆ ಒಯ್ದಿದ್ದೆ. ಓಟಕ್ಕೆ ಮೊದಲು ತಪಾಸಣೆ. ಬ್ಯಾಟರಿ ಅಲ್ಲಾಡುತ್ತಿದೆ ಎಂದು ನನ್ನನ್ನು ವಾಪಸ್ ಕಳಿಸಿದರು. ಪಕ್ಕದವರ ಹತ್ತಿರ ಸ್ಪ್ಯಾನರ್ ಕೇಳಿ ಬಿಗಿ ಮಾಡಿದೆ. ಸ್ಟೆಪ್ನಿ, ಹಿಂದಿನ ಸೀಟು, ಡಿಕ್ಕಿಯಲ್ಲಿದ್ದ ಅಮ್ಮನ ಕೊಡೆ ಎಲ್ಲ ಇಳಿಸಿದೆ. ಹೆಲ್ಮೆಟ್ ಹಾಕಿ ಗೆರೆಗೆ ಬಂದೆ.

ಈ ಕಾರಿಗೆ ಎಳೆತ ಮುಂದಿನ ಚಕ್ರಕ್ಕೆ. ಜೋರಾಗಿ ಹೊರಟರೆ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಟಯರ್ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕ್ಲಚ್ ಪೂರ್ತಿ ಬಿಡದೆ, ಪಾದದಲ್ಲೇ ತೂಗಿ ತೂಗಿ ಬಿಡಬೇಕು. ನಾನು ಅದರಲ್ಲೇ ಮುಳುಗಿದ್ದೆ, ಹಸಿರು ದೀಪ ಬಂದದ್ದೇ ಗೊತ್ತಾಗಲಿಲ್ಲ. ಪಕ್ಕದ ಜೆನ್ ಕಾರಿನವನು ಹೋಗಿಯಾಗಿತ್ತು. 402 ಮೀಟರ್ ಮುಗಿಸಲು ನನಗೆ 18.9 ಸೆಕೆಂಡ್, ಅವನಿಗೆ 19.3. ಆದರೂ ಸೋತದ್ದು ನಾನೇ! ಕಾರು ಗೆರೆ ಬಿಟ್ಟ ಮೇಲೆ ಗಡಿಯಾರ ಶುರು. ದೀಪ ನೋಡುತ್ತಾ ಕೂತ ಹೊತ್ತು ಅದರಲ್ಲಿ ಬರುವುದಿಲ್ಲ, ಗೆಲ್ಲುವುದು ಕೊನೆಯ ಗೆರೆ ಮೊದಲು ದಾಟಿದವರು ಮಾರಾಯ್ರೆ. ಟಾರ್ಚ್ ಬೀಸುವ ಹುಡುಗರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

ಅಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಓಟವಲ್ಲ, ಓಟ ಮುಗಿದ ಮೇಲೆ ಕಾರು ನಿಲ್ಲಿಸಲು ಬಿಟ್ಟ ಖಾಲಿ ರಸ್ತೆ. ಗೆರೆ ದಾಟುವಾಗ ನನ್ನ ಕಾರು ಗಂಟೆಗೆ 115 ಕಿ.ಮೀ. ವೇಗದಲ್ಲಿತ್ತು. ಅಂದರೆ ಸೆಕೆಂಡಿಗೆ ಸುಮಾರು 32 ಮೀಟರ್. ಹಿಂದೆ ಡ್ರಮ್ ಬ್ರೇಕ್ ಇರುವ ಹಳೆ ಕಾರು ಅಷ್ಟು ಬೇಗ ನಿಲ್ಲುತ್ತದಾ? ನಮ್ಮ ಕಂಬಳ ನೋಡಿ. ಕೋಣ ಓಡಲು ಎರಡು ಕರೆ, ಅಂದರೆ ಕೆಸರಿನ ಟ್ರ್ಯಾಕ್, ಅಕ್ಕಪಕ್ಕ ಓಟ, ಕೊನೆಯಲ್ಲಿ ಲೇಸರ್, ಜಗಳ ಬಂದರೆ ವಿಡಿಯೋ. ಓಡಿ ಬಂದ ಕೋಣ ನಿಲ್ಲಲಿ ಎಂದು ಮಂಜೊಟ್ಟಿಯಲ್ಲಿ, ಅಂದರೆ ಓಟ ಮುಗಿಯುವ ತುದಿಯಲ್ಲಿ, ಏರು ಬೇರೆ. ಕೋಣಕ್ಕೆ ಇರುವ ವ್ಯವಸ್ಥೆ ಹೆಜಮಾಡಿಯ ಹುಡುಗರಿಗೆ ಇಲ್ಲ.

ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಸ್ತೆಯಲ್ಲಿ ರೇಸ್ ಓಡಿಸಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಕಲಿ, ನನ್ನ ತಕರಾರಿಲ್ಲ. ಆದರೆ ಅದೇ ಸೆಕ್ಷನ್‌ನಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಎಂಬ ಮಾತೂ ಇದೆ. ಅಂದರೆ ಒಪ್ಪಿಗೆ ಕೊಡಲು ದಾರಿ ಇದೆ ಅಂತ ಅಲ್ವಾ?

ಉಡುಪಿ, ದಕ್ಷಿಣ ಕನ್ನಡ ಜಿಲ್ಲಾಡಳಿತದವರು ವರ್ಷಕ್ಕೆ ಒಂದು ಭಾನುವಾರ ಎಲ್ಲಾದರೂ ಒಂದು ಕಿಲೋಮೀಟರ್ ನೇರ ರಸ್ತೆ ಮುಚ್ಚಿ ಕೊಡಲಿ. ಎರಡೂ ಬದಿ ಬೇಲಿ, ಒಂದು ಆಂಬುಲೆನ್ಸ್, ಬೆಂಕಿ ನಂದಿಸುವವರು, ಬ್ಯಾಟರಿ ಅಲ್ಲಾಡಿಸಿ ನೋಡುವ ಒಬ್ಬ ಖಡಕ್ ಮನುಷ್ಯ. ಖರ್ಚಿಗೆ ಪ್ರವೇಶ ಶುಲ್ಕ ಇಡಲಿ, ಮೊದಲ ರಸೀದಿ ನನ್ನ ಹೆಸರಿಗೆ. ಎಸ್ಟೀಮ್ ಶೆಡ್‌ನಲ್ಲೇ ಇದೆ. ಕ್ಲಚ್ ಪ್ಲೇಟ್ ಒಂದು ಬದಲಿಸಬೇಕು ಅಷ್ಟೆ.

– ಓದುಗರೊಬ್ಬರು, ಪಡುಬಿದ್ರಿ