ಗೇಟಿನ ಹತ್ತಿರ ನಿಂತವರು

ಕಳೆದ ಭಾನುವಾರ ಮಂಗಳೂರಿನ ನಮ್ಮ ಚರ್ಚಿನ ಸಭೆಯಲ್ಲಿ 9 ಮಕ್ಕಳ ದೃಢೀಕರಣ ಆಯಿತು, ಅಂದರೆ ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯೆದುರು ತಾವೇ ಒಪ್ಪಿಕೊಳ್ಳುವ ಆರಾಧನೆ. ಅವರಲ್ಲಿ ಐದು ಹುಡುಗರು ಎರಡು ವರ್ಷದ ಹಿಂದೆ ಗೇಟಿನ ಹತ್ತಿರ ಅವರಿವರ ಬೈಕಿಗೆ ಒರಗಿ ಮೊಬೈಲ್ ಒತ್ತುತ್ತಾ ನಿಲ್ಲುತ್ತಿದ್ದವರು. ಅಮ್ಮನ ಬಾಯಿಗೆ ಹೆದರಿ ಕಂಪೌಂಡಿನ ತನಕ ಬರುತ್ತಿದ್ದರು, ಅಷ್ಟೇ. ಮೊನ್ನೆ ಬಿಳಿ ಅಂಗಿ ಹಾಕಿ ಸಾಲಾಗಿ ಒಳಗೆ ಬಂದರು. ನಾನು ಅಳುತ್ತಾ ಕೂತುಬಿಟ್ಟೆ, ಯಾರಿಗೂ ಥ್ಯಾಂಕ್ಸ್ ಹೇಳಲಾಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ನನ್ನ ತಪ್ಪು. ಅವರನ್ನು ಒಳಗೆ ಕರೆಸಲು ಸಂಡೆ ಸ್ಕೂಲ್ ಟೀಚರ್ ಆಗಿ ನಾನು ಮಾಡದ ಸರ್ಕಸ್ ಇಲ್ಲ. ಕ್ವಿಜ್, ಬಹುಮಾನ, ಪಣಂಬೂರು ಬೀಚು. ಬೀಚಿಗೆ ಬಂದರು, ಐಸ್‌ಕ್ರೀಮ್ ತಿಂದರು, ಮುಂದಿನ ವಾರ ಮತ್ತೆ ಗೇಟು. ಒಂದು ದಿನ ತಾಳ್ಮೆ ತಪ್ಪಿ ಗೇಟಿನ ಆ ಗುಂಪಿನ ಒಬ್ಬನನ್ನು ಎಳೆದು ತಂದು, ಎಲ್ಲರೆದುರು ಪಾಠ ಓದು ಅಂದೆ. ಬೈಬಲಿನ ಒಂದು ವಚನ ಮುಗಿಸಲು ಆರೇಳು ಕಡೆ ತಡವರಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಮೂರು ತಿಂಗಳು ಅವನು ಗೇಟಿಗೂ ಬರಲಿಲ್ಲ.

ಗಂಟೆ ಹೊಡೆಯುವ ಅಂಕಲ್, ಮೊದಲ ಥ್ಯಾಂಕ್ಸ್ ನಿಮಗೆ. "ಟೀಚರ್, ಅವರಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಓದಿಸ್ತಾರೆ ಅಂತ ಹೆದರಿ ಹೊರಗೆ ನಿಲ್ತಾರೆ" ಅಂತ ಹೇಳಿದವರು ನೀವು. ಇಷ್ಟು ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಬೈಬಲಿನ ಹಳೇ ಶೈಲಿಯ ಕನ್ನಡ ಅವರಿಗೆ ಎಲ್ಲಿಂದ ಬರಬೇಕು?

ರಿಟೈರ್ ಆದ ಕನ್ನಡ ಟೀಚರ್ ಅಜ್ಜಿ, ನಿಮಗೆ ಏನು ಹೇಳಲಿ! ಗುರುವಾರ ಸಂಜೆ ನಿಮ್ಮ ಜಗಲಿಯಲ್ಲಿ ಹುಡುಗರಿಗೆ ಕನ್ನಡ ಓದು, ಚಾ, ಗೋಳಿಬಜೆ. ಗೋಳಿಬಜೆಗೇ ಬರುತ್ತಾರೆ ಅಂತ ನಾನು ಗೊಣಗಿದ್ದೆ. "ಬರ್ಲಿ" ಅಂದಿರಿ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವರ ಮುಖ್ಯಸ್ಥ ಜಕ್ಕಾಯನ ಕಥೆಯನ್ನು ಬೈಬಲಿನಲ್ಲಿ ಓದುವಾಗ ಒಬ್ಬ ಕೇಳಿದ, "ಸುಂಕದವರು ಅಂದ್ರೆ ಟೋಲ್‌ಗೇಟಿನವರಾ ಅಜ್ಜಿ?" ನಾನು ನಕ್ಕೆ. ನೀವು ನಗಲಿಲ್ಲ. ಒಳಗೆ ಹೋಗಿ ಕಿಟ್ಟೆಲರ ನಿಘಂಟು ತಂದಿರಿ. 1894ರಲ್ಲಿ ನಮ್ಮದೇ ಊರಲ್ಲಿ ಅಚ್ಚಾದ ಪುಸ್ತಕ. ಸುಂಕ ಅಂದರೆ ಟೋಲ್ ಅಂತಲೇ ಇದೆ! "ನೀನೇ ಸರಿ ಮಗಾ" ಅಂದಿರಿ. ಟೋಲ್‌ಗೇಟಿನ ಯಜಮಾನ ಮರ ಹತ್ತಿದ ಕಥೆಯನ್ನು ಅವನು ಅವತ್ತು ಕೊನೆಯವರೆಗೂ ತಾನೇ ಓದಿದ.

ಗಾಯನ ತಂಡದ ಮಾಸ್ಟ್ರಿಗೆ ಥ್ಯಾಂಕ್ಸ್ ಜೊತೆಗೆ ಸಾರಿಯೂ ಹೇಳಬೇಕು, ನಿಮ್ಮ ಜೊತೆ ಜಾಸ್ತಿ ಜಗಳ ಆಡಿದ್ದು ನಾನೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ನಾಲ್ಕು ಧ್ವನಿಯ ಹಾಡುಗಾರಿಕೆ ನಮ್ಮ ಹೆಮ್ಮೆ, ಸರಿ. ಆದರೆ 13ಕ್ಕೆ ಧ್ವನಿ ಒಡೆದರೆ ಮಕ್ಕಳ ತಂಡದಿಂದ ಹೊರಗೆ. ದೊಡ್ಡವರ ತಂಡಕ್ಕೆ 18 ಆಗಬೇಕು. ನಡುವಿನ ಐದು ವರ್ಷ ಹುಡುಗರು ಎಲ್ಲಿಗೆ ಹೋಗಬೇಕು? ಗೇಟಿಗೇ ಅಲ್ವಾ? ನೀವು ನಿಯಮ ಬಿಟ್ಟು ಮೂವರನ್ನು ತಗ್ಗು ಧ್ವನಿಯ ಬೇಸ್ ಸಾಲಿನಲ್ಲಿ ನಿಲ್ಲಿಸಿದಿರಿ. ಮೊದಲ ಕ್ರಿಸ್ಮಸ್ಸಿಗೆ ಸ್ವರ ಎಲ್ಲೆಲ್ಲೋ ಹೋಯಿತು. ಸಭೆ ಸಹಿಸಿಕೊಂಡಿತು. ಸಭೆಗೂ ಥ್ಯಾಂಕ್ಸ್.

ಸಭಾಪಾಲಕರೇ, ಆರಾಧನೆ ಮುಗಿದ ಮೇಲೆ ಹಿರಿಯರನ್ನೆಲ್ಲ ಕಾಯಿಸಿ ನೀವು ಗೇಟಿನ ಹತ್ತಿರ ಸುಮ್ನೆ ಬೈಕಿನ ಮೈಲೇಜ್ ಮಾತಾಡುತ್ತಾ ನಿಲ್ಲುತ್ತಿದ್ದಿರಿ. ನಮಗೆ ಸಿಟ್ಟು ಬರುತ್ತಿತ್ತು. ಈಗ ಇಲ್ಲ.

ನಾನು ಎಳೆದು ತಂದಿದ್ದ ಹುಡುಗ ಮೊನ್ನೆ ದೃಢೀಕರಣ ಆದವರಲ್ಲಿ ಇಲ್ಲ. ಅವನ ಮನೆಗೆ ಹೋಗಿ ಸಾರಿ ಕೇಳಿದ್ದೆ. "ಇರ್ಲಿ ಟೀಚರ್" ಅಂದಿದ್ದ. ಭಾನುವಾರ ಅವನು ಗೇಟಿನ ಹತ್ತಿರವೇ ನಿಂತಿದ್ದ, ಒಳಗೆ ಹೋದ ಐದೂ ಗೆಳೆಯರ ಮೊಬೈಲ್ ಹಿಡಿದುಕೊಂಡು. ಕೇಕ್ ತೆಗೆದುಕೊಂಡು ಹೋಗಿ ಕೊಟ್ಟೆ. ಕೈ ಖಾಲಿ ಇರಲಿಲ್ಲ. ಮೊಬೈಲುಗಳನ್ನು ನನ್ನ ಕೈಗೆ ಕೊಟ್ಟು ತಿಂದ.