ಕೊಪ್ಪಳಕ್ಕೆ ಒಂದು ಚಿತ್ರಶಾಲೆ ಕೊಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಈ ಜಿಲ್ಲೆಯ ಒಬ್ಬ ಚಿತ್ರಕಲಾ ಶಿಕ್ಷಕಿ. ಕೊಪ್ಪಳದಲ್ಲಿ ಚಿತ್ರ ತೂಗುಹಾಕಲು ಒಂದು ಜಾಗ, ಅಂದರೆ ಒಂದು ಚಿತ್ರಶಾಲೆ (ಆರ್ಟ್ ಗ್ಯಾಲರಿ) ಕೊಡಿ ಎಂದು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದೇವೆ. ‘ನೋಡೋಣ’ ಅನ್ನುವುದು ಬಿಟ್ಟು ಬೇರೆ ಉತ್ತರ ಬಂದಿಲ್ಲ. ಈಗ ಆಗಿರುವುದನ್ನು ನೋಡಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ಇತ್ತೀಚೆಗೆ ಕೆಲವು ಕಲಾವಿದರು ಸೇರಿ ಒಂದು ಪ್ರದರ್ಶನ ಮಾಡಿದೆವು. ನೆನಪು, ಮನೆ, ಮನುಷ್ಯರ ನಂಟು ಅದರ ವಿಷಯ. ಒಬ್ಬ ಹುಡುಗ ಗುಳೆ ಹೋದವರ ಮನೆಯ ಬೀಗಗಳನ್ನಷ್ಟೇ ಬರೆದಿದ್ದ. ಕಿನ್ನಾಳದ ಮರದ ಗೊಂಬೆ ಕೆಲಸ ಕಲಿತ ಹುಡುಗಿಯೊಬ್ಬಳು ಹುಣಸೆ ಬೀಜದ ಅಂಟು ಹಾಕಿ ತನ್ನ ಓಣಿಯ ಅಜ್ಜಿಯರ ಗೊಂಬೆ ಮಾಡಿದ್ದಳು. ನಾನು ಇಟ್ಟಿದ್ದು ನಮ್ಮವ್ವನ ಕೌದಿ. ಪಕ್ಕದಲ್ಲಿ, ಅವ್ವ ಹೇಳಿದಂತೆ ಬರೆದ ಆಕೆಯ ಊರಿನ ಚಿತ್ರ.

ಆ ಊರು ಈಗಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಾಗ ಮುಳುಗಿದ ಹತ್ತಾರು ಹಳ್ಳಿಗಳಲ್ಲಿ ಅದೂ ಒಂದು. ಬಂಡಿಯಲ್ಲಿ ಸಾಮಾನು ಹೇರಿಕೊಂಡು ಬಂದಾಗ ಅವ್ವ ಸಣ್ಣ ಹುಡುಗಿ. ಮನೆ ಹೋಯಿತು, ಓಣಿಯವರು ದಿಕ್ಕಿಗೊಬ್ಬರಾದರು. ಮುಂದೆ ಆಕೆ ತನ್ನ ತಾಯಿಯ ಸೀರೆ, ಅಕ್ಕಂದಿರ ಕುಪ್ಪಸ, ಅಪ್ಪನ ಧೋತರ ಎಲ್ಲ ಕೂಡಿಸಿ ಕೌದಿ ಹೊಲಿದಳು. ಒಂದೊಂದು ತುಂಡು ಮುಟ್ಟಿ ಒಬ್ಬೊಬ್ಬರ ಹೆಸರು ಹೇಳುತ್ತಿದ್ದಳು. ಆ ಊರಿನ ಒಂದು ಫೋಟೊ ಕೂಡ ನಮ್ಮ ಹತ್ತಿರ ಇಲ್ಲ. ಇರುವುದು ಈ ಕೌದಿ ಮಾತ್ರ.

ಪ್ರದರ್ಶನ ಇಟ್ಟಿದ್ದು ನಾವು ಬಾಡಿಗೆ ಕಟ್ಟಿ, ರಸೀದಿ ಪಡೆದಿದ್ದ ಒಂದು ಸಭಾಭವನದಲ್ಲಿ. ಹೆಸರು ಬೇಡ. ಪ್ರದರ್ಶನ ಇನ್ನೂ ಮುಗಿದಿರಲಿಲ್ಲ. ದೊಡ್ಡವರ ಕಾರ್ಯಕ್ರಮ ಬಂತು ಎಂದು, ನಮಗೆ ಒಂದು ಮಾತೂ ಹೇಳದೆ, ರಾತ್ರೋರಾತ್ರಿ ಎಲ್ಲವನ್ನೂ ಕಿತ್ತು ಶೌಚಾಲಯದ ಬಾಗಿಲ ಬಳಿ ಒಟ್ಟಿದ್ದರು. ಬೆಳಿಗ್ಗೆ ನಾನು ಹೋದಾಗ ಅವ್ವನ ಕೌದಿಯಿಂದ ವೇದಿಕೆಯ ಕುರ್ಚಿ ಒರೆಸುತ್ತಿದ್ದರು.

‘ಹಳೇ ಅರಿವಿ ಅಂತ ತಿಳಿದ್ವಿ ಮೇಡಂ’ ಅಂದ ಕೆಲಸದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ‘ಎಲ್ಲಾ ತೆಗೆದುಹಾಕಿ’ ಅಂದವರ ಮೇಲೆ ಸಿಟ್ಟಿದೆ. ಒಂದು ಫೋನ್ ಮಾಡಲು ಅವರಿಗೆ ಏನಾಗಿತ್ತು? ಎಷ್ಟು ಒಗೆದರೂ ಕಲೆ ಹೋಗಿಲ್ಲ. ಅಜ್ಜಿಯ ಸೀರೆಯ ತುಂಡು ಹರಿದಿದೆ. ಇದಕ್ಕೆ ಯಾವ ಕಚೇರಿಯಲ್ಲಿ ಪರಿಹಾರ ಕೇಳಬೇಕು, ನೀವೇ ಹೇಳಿ.

ದುಡ್ಡು ಕಟ್ಟಿಸಿಕೊಂಡ ಮೇಲೆ ಒಂದು ಮಾತೂ ಹೇಳದೆ ಬುಕಿಂಗ್ ರದ್ದು ಮಾಡುವುದು ಸರಿಯೇ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ, ಇವೆಲ್ಲ ನಿಮಗೆ ಗೊತ್ತು. ಹಾಗಿದ್ದರೆ ಕೊಪ್ಪಳಕ್ಕೆ ಒಂದು ಚಿತ್ರಶಾಲೆ ಯಾಕಿಲ್ಲ?

ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರ ಬರೆದವರ ನೆಲ ಇದು. ಕಿನ್ನಾಳದ ಕಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ನಮ್ಮ ಮಕ್ಕಳು ಮಾತ್ರ ತಮ್ಮ ಚಿತ್ರ ತೋರಿಸಲು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಚೆನ್ನಾಗಿ ನೋಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಬೀಗದ ಚಿತ್ರದ ಮುಂದೆ ನಿಂತು ‘ಇದು ನಮ್ಮನಿ ಬೀಗಾನ ಐತಿ’ ಎಂದು ಅತ್ತ ಅಜ್ಜಿ ಬೆಂಗಳೂರಿಗೆ ಬರಲ್ಲ ಅಲ್ವಾ? ಆಕೆಯ ಪಕ್ಕದಲ್ಲಿದ್ದವರು ಗುರುತೂ ಇಲ್ಲದ ಹೆಂಗಸರು. ದುಡಿಯಲು ಹೋದ ಮಕ್ಕಳ ಬಗ್ಗೆ ಮಧ್ಯಾಹ್ನದವರೆಗೆ ಮಾತಾಡುತ್ತಾ ಕೂತಿದ್ದರು. ಪ್ರದರ್ಶನ ಮಾಡಿದ್ದು ಅದಕ್ಕೇ. ಅದು ಇಲ್ಲೇ ನಡೆಯಬೇಕು.

ಹೊಸ ಕಟ್ಟಡ ಕೇಳುತ್ತಿಲ್ಲ. ಖಾಲಿ ಬಿದ್ದ ಯಾವುದಾದರೂ ಸರ್ಕಾರಿ ಕಟ್ಟಡದ ಒಂದೆರಡು ಕೋಣೆ ಸಾಕು. ಸೋರದ ಮಾಳಿಗೆ, ಸರಿಯಾದ ಬೆಳಕು, ಬೀಗ, ನೋಡಿಕೊಳ್ಳಲು ಒಬ್ಬರು. ಅದು ಚಿತ್ರಕ್ಕೆಂದೇ ಇರಲಿ. ಅಲ್ಲಿಯವರೆಗೆ, ನಡೆಯುತ್ತಿರುವ ಪ್ರದರ್ಶನವನ್ನು ಯಾರ ಕಾರ್ಯಕ್ರಮಕ್ಕೂ ತೆಗೆಸಬಾರದು ಎಂದು ಒಂದು ಆದೇಶ ಹೊರಡಿಸಿ.

ಮತ್ತೆ ಹೇಳುತ್ತೇನೆ, ಕೊಪ್ಪಳಕ್ಕೆ ಒಂದು ಚಿತ್ರಶಾಲೆ ಕೊಡಿ. ಕೊಡುತ್ತೀರೋ ಇಲ್ಲವೋ, ಈ ಸಲ ಲಿಖಿತ ಉತ್ತರ ಬೇಕು. ‘ನೋಡೋಣ’ ಸಾಕಾಗಿದೆ.

ಇಂತಿ,
ಕೊಪ್ಪಳ ಜಿಲ್ಲೆಯ ಒಬ್ಬ ಚಿತ್ರಕಲಾ ಶಿಕ್ಷಕಿ